ಮುಂದಿನ ಕೋಣೆ ಬಿಡಿಸಿಕೊಂಡ ವರ್ಷ

ಮಾಲೂರಿನಲ್ಲಿ ನಾವು ಕಟ್ಟಿಸಿದ ಮನೆಯ ಮೇಲಿನ ಬ್ಯಾಂಕ್ ಸಾಲ ತೀರಲು ಇನ್ನೂ ಕೆಲವು ವರ್ಷಗಳಿದ್ದವು. ಹೋದ ವರ್ಷ ನಾನು ಕಟ್ಟುತ್ತಿದ್ದ ಚೀಟಿ ಮುಗಿಯಿತು, ನಮ್ಮ ಯಜಮಾನರ ಠೇವಣಿಯೂ ಕೈಗೆ ಬಂತು. ಎರಡನ್ನೂ ಸೇರಿಸಿದರೆ ಸಾಲ ಪೂರ್ತಿ ತೀರುವಷ್ಟಾಗುತ್ತಿತ್ತು. ಅವರು ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕೆಲಸ ಮಾಡಿ ಬರುವವರು. ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಮಾತು ತೆಗೆದರು.

"ಕಟ್ಬಿಡೋಣ ಕಣೇ, ಒಂದೇ ಸಲಕ್ಕೆ. ಮನೆ ಪತ್ರ ತಗೊಂಡು ಬಂದು ಬೀರುನಲ್ಲಿಟ್ಟು ನೆಮ್ಮದಿಯಾಗಿರೋಣ."

"ಆಮೇಲೆ ಕೈಯಲ್ಲಿ ಏನಿರ್ತದೆ ರೀ?"

"ಸಂಬಳ ಬರ್ತದಲ್ಲ."

ಬೇಡ ಎನ್ನಲು ನನಗೆ ಮನಸ್ಸಿರಲಿಲ್ಲ, ಹೂಂ ಎನ್ನಲು ಧೈರ್ಯವಿರಲಿಲ್ಲ. ಸಾಲವಿಲ್ಲದ ಮನೆಯಲ್ಲಿ ಕಾಲು ಚಾಚಿ ಕೂರುವ ಆಸೆ ನನಗೂ ಇತ್ತು. ಮಾತು ಅಲ್ಲಿಗೇ ನಿಂತು, ಮತ್ತೆ ಭಾನುವಾರ ಎದ್ದಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಅವತ್ತು ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು:

"ನಿಮ್ಮಪ್ಪ ಮುಂದಿನ ಕೋಣೆ ಬಿಡಿಸ್ಕೊಂಡಿದ್ದು ಜ್ಞಾಪಕ ಐತೇನಮ್ಮ ನಿಂಗೆ?"

ಇರದೇ ಏನು! ಮುಳಬಾಗಿಲಿನ ನಮ್ಮ ಮನೆಗೆ ಬೀದಿಗೆ ತೆರೆದ ದೊಡ್ಡ ಕೋಣೆಯೊಂದಿತ್ತು. ಅಪ್ಪ ಖಾಸಗಿ ಬಸ್ಸಿನ ಡ್ರೈವರು. ತನ್ನ ತಂಗಿಯ ಮದುವೆಗೆಂದು ಆ ಕೋಣೆಯನ್ನು ಹಾಸಿಗೆ ಹೊಲಿಯುವ ಒಂದು ಸಾಬರ ಕುಟುಂಬಕ್ಕೆ ಭೋಗ್ಯಕ್ಕೆ ಕೊಟ್ಟಿದ್ದ. ಅವರು ಕೊಟ್ಟ ದುಡ್ಡಿಗೆ ಬಡ್ಡಿಯಿಲ್ಲ, ಅವರಿದ್ದ ಕೋಣೆಗೆ ಬಾಡಿಗೆಯಿಲ್ಲ. ದುಡ್ಡು ವಾಪಸ್ಸು ಕೊಟ್ಟ ದಿನ ಕೋಣೆ ನಮ್ಮದು. ನಾವು ಹಿಂದಿನ ಎರಡು ಕೋಣೆಗಳಲ್ಲಿ ಇಕ್ಕಟ್ಟಾಗಿ ಇದ್ದೆವು.

ನನಗೆ ಬುದ್ಧಿ ಬಂದಾಗಿನಿಂದ ಅವರು ಅಲ್ಲೇ ಇದ್ದವರು. ಹತ್ತಿ ಹಿಂಜುವ ಬಿಲ್ಲಿನ ದೊಂಯ್ ದೊಂಯ್ ಸದ್ದಿಗೇ ನನಗೆ ಬೆಳಗಾಗುತ್ತಿತ್ತು. ಸ್ಕೂಲಿಂದ ಬಂದವಳು ಹೊಸ ಹತ್ತಿಯ ರಾಶಿಯ ಮೇಲೆ ಬಿದ್ದರೆ ಸಾಬರು ಗದರುತ್ತಿದ್ದರು, ಅವರ ಹೆಂಡತಿ ನಗುತ್ತಿದ್ದರು. ಆಕೆಯನ್ನು ನಾನು ಅವರ ಮಾತಿನಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ನನ್ನ ಕೂದಲಿಗೆ ಅಂಟಿದ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು ಹಿತ್ತಿಲಿಗೆ ಅಟ್ಟುತ್ತಿದ್ದರು. ಅಮ್ಮನೂ ಖಾಲಾನೂ ನೀರು ಸೇದುತ್ತಾ ತೆಲುಗಿನಲ್ಲೇ ಹರಟುತ್ತಿದ್ದರು. ಅದು ಇಬ್ಬರದೂ ಮನೆಮಾತಲ್ಲ, ಆದರೂ ನಗು ಬರುವ ಮಾತೆಲ್ಲ ತೆಲುಗಿನಲ್ಲೇ.

ಅಪ್ಪನಿಗೆ ಮಾತ್ರ ಆ ಕೋಣೆಯದೇ ಚಿಂತೆ. ನೆಂಟರು ಬಂದರೆ ಪಕ್ಕದ ಓಣಿಯಿಂದ ಸುತ್ತಿ ಹಿಂದಿನ ಬಾಗಿಲಿಗೆ ಬರಬೇಕಲ್ಲ ಎಂಬ ಸಂಕಟ. ಭೋಗ್ಯದ ಗಡುವಿಗೆ ಇನ್ನೂ ಒಂದು ವರ್ಷವಿರುವಾಗಲೇ ಕೂಡಿಟ್ಟಿದ್ದನ್ನೆಲ್ಲ ಒಟ್ಟುಮಾಡಿ ಸಾಬರ ಮುಂದೆ ಇಟ್ಟ. ಅವರು, "ನಿಮ್ದು ಮನೆ ಅಣ್ಣಾ, ನಾವು ಬೇಡ ಅನ್ನಕ್ಕಾಗ್ತದಾ?" ಎಂದರು. ಖಾಲಾನ ತವರು ಶ್ರೀನಿವಾಸಪುರ. ಎತ್ತಿನ ಗಾಡಿಯಲ್ಲಿ ಬಿಲ್ಲು, ಹತ್ತಿ ಮೂಟೆ, ಪಾತ್ರೆ ಎಲ್ಲ ಹೇರಿಕೊಂಡು ಅಲ್ಲಿಗೆ ಹೊರಟುಹೋದರು.

ಅಪ್ಪ ಕೋಣೆಗೆ ಸುಣ್ಣ ಹೊಡೆಸಿದ, ಬಾಗಿಲಿಗೆ ತೋರಣ ಕಟ್ಟಿದ. ಬೀದಿಗೆ ಮುಖಮಾಡಿ ಕುರ್ಚಿ ಹಾಕಿಕೊಂಡು, ಹೋಗಿಬರುವವರನ್ನೆಲ್ಲ ಕರೆದು ಮಾತಾಡಿಸಿದ. ಅಷ್ಟು ಖುಷಿಯಾಗಿ ನಾನು ಅವನನ್ನು ಕಂಡಿದ್ದೇ ಇಲ್ಲ. ನನಗೆ ಮಾತ್ರ ಮೂಲೆಗಳೆಲ್ಲ ಖಾಲಿ ಖಾಲಿ. ಅಮ್ಮ ಖಾಲಾಗೆಂದು ಸಾರು ಒಂದು ಬಟ್ಟಲಿಗೆ ತೆಗೆದಿಟ್ಟು, ಆಮೇಲೆ ನೆನಪಾಗಿ ಮತ್ತೆ ಪಾತ್ರೆಗೆ ಸುರಿಯುತ್ತಿದ್ದಳು.

ಮಳೆಗಾಲ ಕಳೆಯುವುದರೊಳಗೆ ಅಮ್ಮ ಹಾಸಿಗೆ ಹಿಡಿದಳು. ಕೋಲಾರದ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಆಗ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಬುರ್ಖಾದ ಮುಸುಕು ಸರಿಸುತ್ತಾ ಖಾಲಾ ನಿಂತಿದ್ದರು! ಅಮ್ಮ ಮನೆಗೆ ಬಂದು ಓಡಾಡುವವರೆಗೂ ಅದೇ ಕೋಣೆಯಲ್ಲಿ ಉಳಿದರು. ನನಗೆ ಅನ್ನ ಬಡಿಸಿದರು, ಜಡೆ ಹಾಕಿದರು, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡರು. ಅಮ್ಮನ ಕಾಯಿಲೆಯ ದಿನಗಳೆಂದರೆ ಇವತ್ತಿಗೂ ನನಗೆ ಸಿಹಿಯಾಗಿಯೇ ನೆನಪಿಗೆ ಬರುತ್ತವೆ.

"ಖಾಲಾ ಸುಮ್ನೆ ನೋಡ್ಕೊಳ್ಳೋಕೆ ಬಂದಿದ್ರು ಅಂದ್ಕೊಂಡಿದ್ಯಾ?" ಎಂದಳು ಅಮ್ಮ, ಅವರೆಕಾಯಿ ಸುಲಿಯುತ್ತಲೇ. "ಆಪರೇಷನ್‌ಗೆ ದುಡ್ಡು ಎಲ್ಲಿತ್ತು? ಇದ್ದಿದ್ದೆಲ್ಲ ಕೋಣೆಗೆ ಹಾಕ್ಬಿಟ್ಟಿದ್ರಲ್ಲ. ನಿಮ್ಮಪ್ಪ ಬಸ್ಸು ಓಡಿಸ್ಕೊಂಡು ಶ್ರೀನಿವಾಸಪುರಕ್ಕೆ ಹೋದಾಗ ಸಾಬರ ಹತ್ರ ಅತ್ಬಿಟ್ರಂತೆ. ಕೊಟ್ಟಿದ್ದ ದುಡ್ಡಲ್ಲೇ ಒಂದು ಭಾಗ ಅವ್ರು ಮಾರನೇ ದಿನ ವಾಪಸ್ ಕಳಿಸಿದ್ರು, ಹೆಂಡ್ತೀನೂ ಕಳಿಸಿದ್ರು. ಒಂದು ಚೀಟಿ ಇಲ್ಲ, ಸಹಿ ಇಲ್ಲ."

"ಎಷ್ಟು ದಿನಕ್ಕೆ ತೀರಿಸಿದ್ರಿ?"

"ತಿಂಗಳಿಗಿಷ್ಟು ಅಂತ ನಿಧಾನಕ್ಕೆ ತೀರಿಸಿದ್ವಿ. ನಿಮ್ಮಪ್ಪಂಗೆ ನಿಂಗೆ ಗೊತ್ತಾಗೋದು ಇಷ್ಟ ಇರ್ಲಿಲ್ಲ. ಕೋಣೆ ಬಿಡಿಸ್ಕೊಂಡಿದ್ದು ತಪ್ಪು ಅಂತ ನಾನು ಹೇಳಲ್ಲಮ್ಮ. ಕೈ ಖಾಲಿ ಮಾಡ್ಕೊಂಡಿದ್ದಷ್ಟೇ."

ಯಜಮಾನರು ಪೇಪರ್ ಮಡಚಿಟ್ಟು ಕೇಳುತ್ತಿದ್ದರು. "ನಮ್ಗೆ ಅಂಥ ಸಾಬರು ಯಾರವ್ರೆ ಈಗ?" ಎಂದು ಎದ್ದು ಹೋದರು.

ಆ ವಾರವೇ ರಜೆ ಹಾಕಿ ಇಬ್ಬರೂ ಬ್ಯಾಂಕಿಗೆ ಹೋದೆವು. ಅರ್ಧ ಕಟ್ಟಿದೆವು, ಉಳಿದದ್ದನ್ನು ನನ್ನ ಹೆಸರಿನಲ್ಲಿ ಇಟ್ಟೆವು. "ತಿಂಗಳ ಕಂತು ಕಮ್ಮಿ ಮಾಡ್ಲಾ ಸರ್, ವರ್ಷ ಕಮ್ಮಿ ಮಾಡ್ಲಾ?" ಎಂದು ಅಲ್ಲಿದ್ದ ಹುಡುಗಿ ಕೇಳಿದಾಗ ಇವರು ತಡಮಾಡದೆ, "ವರ್ಷ ಕಮ್ಮಿ ಮಾಡಮ್ಮ" ಎಂದರು. ಪತ್ರ ಕೈಗೆ ಬರಲಿಲ್ಲವೆಂಬ ಬೇಸರ ದಾರಿಯುದ್ದಕ್ಕೂ ಅವರ ಮುಖದಲ್ಲಿತ್ತು. ಮನೆಗೆ ಬಂದು ಊಟ ಮಾಡುವಾಗ ಸರಿಹೋಯಿತು.

ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಖಾಲಾನನ್ನು ನೋಡಬೇಕೆಂದು ಹಟ ಹಿಡಿದಳು. ಅವರಿವರನ್ನು ವಿಚಾರಿಸಿ, ಮಾವಿನ ಕಾಲದ ಒಂದು ಶನಿವಾರ ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೋದೆ. ಸಾಬರು ತೀರಿಹೋಗಿ ಬಹಳ ವರ್ಷವಾಗಿತ್ತು. ಖಾಲಾ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದರು. ಕಿವಿ ಮಂದ, ಕಣ್ಣು ಚೆನ್ನಾಗಿತ್ತು. ಅಮ್ಮನನ್ನು ನೋಡಿದ್ದೇ ಎರಡೂ ಕೈ ಚಾಚಿ, "ಎಪ್ಪುಡೊಸ್ತಿವೇ?" ಎಂದು ಯಾವಾಗ ಬಂದೆಯೆಂದು ಕೇಳಿದರು, ನಿನ್ನೆಯಷ್ಟೇ ಬಿಟ್ಟುಬಂದವರ ಹಾಗೆ. ಅಮ್ಮ ಅವರ ಕಿವಿಯ ಹತ್ತಿರ ಬಾಯಿಟ್ಟು ತೆಲುಗಿನಲ್ಲಿ ಏನೋ ಹೇಳಿದಳು. ಇಬ್ಬರೂ ಕೆಮ್ಮು ಬರುವಷ್ಟು ನಕ್ಕರು. ನನಗೆ ಒಂದು ಮಾತೂ ಕೇಳಿಸಲಿಲ್ಲ.

ಸಂಜೆ ಬಸ್ಸಿಗೆ ಹೊತ್ತಾಯಿತೆಂದರೆ ಅಮ್ಮ ಏಳಲಿಲ್ಲ. "ನೀ ಹೋಗಮ್ಮ, ಬುಧವಾರ ಬಂದು ಕರ್ಕೊಂಡು ಹೋಗು" ಎಂದಳು. ಅವಳ ಸೀರೆಯ ಚೀಲವನ್ನು ಒಳಗಿಟ್ಟು, ಖಾಲಾನ ಮಗಳು ಕಟ್ಟಿಕೊಟ್ಟ ಮಾವಿನಹಣ್ಣು ಹಿಡಿದು ನಾನೊಬ್ಬಳೇ ಬಸ್ಸು ಹತ್ತಿದೆ.