ಕರಕಾದ ರೊಟ್ಟಿ

"ಬೇವಿನ ಗಿಡ ದಾಟಿದೆ. ಈಗ ಎಡಕ್ಕೋ ಬಲಕ್ಕೋ?" ಅಕ್ಕಲಕೋಟದ ಸಂದಿಯಲ್ಲಿ ನಿಂತು, ಗ್ರಂಥಾಲಯದ ಆನ್‌ಲೈನ್ ಉತ್ತರ ಸೇವೆಗೇ ಕೇಳಿದೆ. ಗ್ರಂಥಾಲಯದ ಕಮಿಟಿಗಾಗಿ ಆ ಸೇವೆಯ ಖರ್ಚು ಅಂದಾಜು ಹಾಕಲೆಂದೇ ಹೊರಟವಳು ನಾನು. ಯಾರೋ ಇಪ್ಪತ್ತು ನಿಮಿಷ ಬರೆದು ಬರೆದು ದಾರಿ ತೋರಿಸಿದರು.

ಗ್ರಂಥಾಲಯದ ಬಾಗಿಲು ತೆರೆದ ಗ್ರಂಥಪಾಲಕಿ, "ನೆಟ್ಟಿನ ಖರ್ಚಷ್ಟ ಬರಕೊಳ್ರಿ ಮ್ಯಾಡಮ್. ಹೆಚ್ಚಾದ್ರ ಕಮಿಟಿಯವರು ಬಂದ್ ಮಾಡ್ತಾರ," ಅಂದರು.

"ಹಾಗಾದರೆ ನನಗೆ ಉತ್ತರ ಕೊಟ್ಟವರ ಕೂಲಿ? ಅವರು ಯಾರು?"

"ನಾನ ರೀ, ಇಲ್ಲೇ ಹಿಂದಿನ ಮನ್ಯಾಗ ರೊಟ್ಟಿ ಬಡ್ಯಾಕತ್ತಿದ್ದೆ. ನಿಮ್ಮ ಸಲುವಾಗಿ ಒಂದು ಕರಕಾತು. ಡಬ್ಬ್ಯಾಗ ಐತಿ ನೋಡ್ರಿ."

ಅವರು ಬೇಡವೆಂದರೂ ಆ ಇಪ್ಪತ್ತು ನಿಮಿಷದ ಕೂಲಿಯನ್ನು ಅಂದಾಜಿನ ಮೊದಲ ಸಾಲಿನಲ್ಲೇ ಬರೆದೆ. ಈ ದುಡಿಮೆ ಪುಕ್ಕಟೆ ಎಂದುಕೊಂಡವರಿಗೂ ಗೊತ್ತಾಗಲಿ. ಕರಕಾದ ರೊಟ್ಟಿಗೆ ಮಾತ್ರ ಯಾವ ಕಾಲಮ್ಮೂ ಇರಲಿಲ್ಲ. ಮಧ್ಯಾಹ್ನ ಶೇಂಗಾ ಚಟ್ನಿ ಹಚ್ಚಿಕೊಂಡು ನಾನೇ ತಿಂದು ಆ ಋಣ ತೀರಿಸಿದೆ.