ಅದಕ್ಕೂ ಬಾಯಿ ಐತಿ

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳೆಲ್ಲ ‘ಅದು’. ಅಕ್ಕ ಬಂತು, ಅಕ್ಕ ಉಂಡಿತು, ಸಣ್ಣದು ಇನ್ನೂ ಎದ್ದಿಲ್ಲ. ಸಣ್ಣದು ಅಂದರೆ ನಾನು. ಸವದತ್ತಿ ಹತ್ತಿರದ ಹೂಲಿಯಲ್ಲಿ ಬೆಳೆದ ನನಗೆ ಇದರಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ. ಅವ್ವ “ಅದಕ್ಕ ಹಸಿವಾಗೇತಿ” ಅಂದರೆ ಒಲೆ ಮೇಲಿನ ಬಿಸಿ ರೊಟ್ಟಿ ಮೊದಲು ನನ್ನ ತಾಟಿಗೇ ಬೀಳುತ್ತಿತ್ತು.

ಏಳನೆಯ ತರಗತಿಯಲ್ಲಿ ಅಕ್ಕನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ಹೇಳಿದರು. ಅಕ್ಕ ಎತ್ತರ ಇದ್ದಾಳೆ, ಚೆಂದ ಹಾಡುತ್ತಾಳೆ ಎಂದು ಬರೆದೆ. ‘ಶಿ’ ಇರಬೇಕಾದ ಕಡೆಯೆಲ್ಲ ‘ಇಟ್’ ಹಾಕಿದ್ದೆ. ಮನೆಯಲ್ಲಿ ಅನ್ನುವುದನ್ನೇ ಇಂಗ್ಲಿಷಿಗೆ ತಿರುಗಿಸಿದ್ದೆ, ಅಷ್ಟೇ. ಸರ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು.

“ಏನವಾ, ನಿಮ್ಮಕ್ಕ ಆಕಳೇನ?”

ಹುಡುಗರು ಬೆಂಚು ಬಡಿದು ನಕ್ಕರು.

“ಅಲ್ರಿ ಸರ. ನಮ್ಮ ಮನ್ಯಾಗ ಹಂಗ ಅಂತೇವ್ರಿ,” ಅಂದೆ. ಎದುರು ಮಾತಾಡಿದ್ದಕ್ಕೆ ಬೆಲ್ ಹೊಡೆಯುವತನಕ ನಿಲ್ಲಿಸಿದರು. ನಾಚಿಕೆ ಆಗಲಿಲ್ಲ, ಸಿಟ್ಟು ಬಂತು. ಈಗ ನಾನೇ ಇಂಗ್ಲಿಷ್ ಕಲಿಸುತ್ತೇನೆ. ‘ಇಟ್’ ಬರೆದ ಮಕ್ಕಳನ್ನು ತಿದ್ದುತ್ತೇನೆ, ಆದರೆ ಅವರ ಮನೆಯ ಮಾತಿಗೆ ಯಾರೂ ನಗಲು ಬಿಡುವುದಿಲ್ಲ.

ಆ ಸಿಟ್ಟಿನಲ್ಲೇ ಸರ್ವನಾಮಗಳನ್ನು ಅರೆದು ಕುಡಿದೆ. ಮಾತಾಡುವವರು, ಕೇಳಿಸಿಕೊಳ್ಳುವವರು, ಯಾರ ಬಗ್ಗೆ ಮಾತೋ ಅವರು. ಕನ್ನಡ ವ್ಯಾಕರಣದಲ್ಲಿ ಈ ಮೂವರೂ ಪುರುಷರೇ: ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷ. ಹೆಣ್ಣುಮಕ್ಕಳು ಎಲ್ಲಿ ಕೂರಬೇಕು ಎಂದು ಕೇಳಬೇಕೆನಿಸಿತ್ತು. ಮತ್ತೆ ನಿಲ್ಲಿಸಿಯಾರು ಎಂದು ಬಾಯಿ ಮುಚ್ಚಿಕೊಂಡೆ.

ಎಲ್ಲಿ ಕೂರುತ್ತಾರೆ ಎಂಬುದು ಅಕ್ಕನ ಮದುವೆಯಲ್ಲಿ ತಿಳಿಯಿತು. ಅವಳ ಹತ್ತನೆಯ ತರಗತಿ ಮುಗಿಯುತ್ತಲೇ ನಮ್ಮ ದೊಡ್ಡಪ್ಪ ಸಂಬಂಧ ಗಟ್ಟಿ ಮಾಡಿದ. ಅಕ್ಕನನ್ನು ಒಂದು ಮಾತು ಕೇಳೋಣ ಎಂದು ಅಪ್ಪ ಬಾಯಿ ತೆರೆದರೆ, “ಅದನ್ನೇನ್ ಕೇಳೂದು?” ಅಂದುಬಿಟ್ಟ ದೊಡ್ಡಪ್ಪ. ಅದೇ ‘ಅದು’. ಅವ್ವನ ಬಾಯಲ್ಲಿ ರೊಟ್ಟಿ ತರುತ್ತಿದ್ದ ಮಾತು ಅವನ ಬಾಯಲ್ಲಿ ಬಾಗಿಲಿಗೆ ಚಿಲಕ ಹಾಕಿತು.

ನಾನು ಪಿಯುಸಿ ಪಾಸಾದ ವರ್ಷ ನನ್ನನ್ನು ನೋಡಲು ರಾಮದುರ್ಗದಿಂದ ಗಂಡಿನ ಕಡೆಯವರು ಬಂದರು. ನನಗೆ ಬೈಲಹೊಂಗಲದಲ್ಲಿ ಡಿಗ್ರಿ ಮಾಡಬೇಕಿತ್ತು. ಅಪ್ಪನಿಗೆ ಹೇಳಿದ್ದೆ, ಆದರೆ ದೊಡ್ಡಪ್ಪನ ಮುಂದೆ ಅವನಿಗೆ ಮಾತು ಹೊರಡುವುದಿಲ್ಲ. ಉಪ್ಪಿಟ್ಟು ತಿಂದು ಚಹಾ ಕುಡಿಯುತ್ತ ಎಲ್ಲರೂ ನನ್ನ ಬಗ್ಗೆಯೇ ಮಾತಾಡಿದರು, ನನ್ನ ಜೊತೆ ಒಬ್ಬರೂ ಇಲ್ಲ. ಎದುರಿಗೆ ಕೂತ ನನಗೆ ‘ನೀ’ ಅನ್ನುವವರಿರಲಿಲ್ಲ.

“ಅದಕ್ಕ ಮುಂದ ಕಲಿಯೂ ಹುಚ್ಚ ಏನರ ಐತೇನ್ರಿ?” ಎಂದು ಹುಡುಗನ ಸೋದರಮಾವ ಕೇಳಿದ.

“ಏ, ಅದರದೇನ್ ಕೇಳ್ತೀರಿ? ನಾವು ಹೇಳಿದ್ಹಂಗ ಕೇಳತೈತಿ,” ಅಂದ ದೊಡ್ಡಪ್ಪ.

ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದ ಅವ್ವ, ಬಂದವರ ಮುಂದೆ ಎಂದೂ ಬಾಯಿ ಬಿಡದವಳು, ಅಂದಳು:

“ಅದನ್ನ ಕೇಳ್ರಿ. ಅದಕ್ಕೂ ಬಾಯಿ ಐತಿ.”

ಎಲ್ಲರೂ ಅವ್ವನ ಕಡೆ ತಿರುಗಿದರು. ನಾನು ಎದ್ದು ನಿಂತೆ.

“ನಾ ಬೈಲಹೊಂಗಲಕ್ಕ ಹೋಗಿ ಕಲೀತೇನ್ರಿ. ನನಗ ಈಗ ಮದಿವಿ ಬ್ಯಾಡ್ರಿ.”

ದೊಡ್ಡಪ್ಪ ಚಹಾದ ಬಸಿಯನ್ನು ನೆಲಕ್ಕೆ ಕುಕ್ಕಿದ. ಬಂದವರು ಮೋಟಾರು ಹತ್ತಿ ಹೋದರು. “ಹೆಣ್ಣಿಗ ಇಷ್ಟ ಸೊಕ್ಕ ಇರಬಾರ್ದು,” ಎಂದು ಅವನು ಅಂಗಳದಿಂದ ಕೂಗಿದಾಗ, “ಇರಲಿ ಬಿಡಣ್ಣಾ, ಕಲೀಲಿ,” ಅಂದ ಅಪ್ಪ. ಅಷ್ಟು ಹೇಳಲು ಅವನಿಗೆ ನನ್ನ ಸೊಕ್ಕೇ ಬೇಕಾಗಿತ್ತೇನೋ.

ಹಿತ್ತಿಲಲ್ಲಿ ಕಪ್ಪುಬಸಿ ತೊಳೆಯುವಾಗ ಅವ್ವ ಕೇಳಿದಳು:

“ಇಂಗ್ಲೀಷಿನ್ಯಾಗ ನನಗ ಏನಂತಾರ?”

“ಶಿ.”

“ನಿನಗ?”

“ನನಗೂ ಶಿ. ನನ್ನ ಬಗ್ಗೆ ನಾನ ಮಾತಾಡಿದ್ರ ಅಷ್ಟ ಐ, ಅಂದ್ರ ‘ನಾ’.”

ಅವ್ವ ತೊಳೆದ ಬಸಿಯನ್ನು ನನ್ನ ಕೈಗೆ ಕೊಟ್ಟಳು.

“ಹಂಗಾರ ಮಾತಾಡ್ಕೋಂತ ಇರು.”