ಬೇಸ್ ಗಿಟಾರಿಗೆ ಹಚ್ಚಿದ ಅರಗು

ಚನ್ನಪಟ್ಟಣದ ರೋಶನ್ ಬೀ ಬೊಂಬೆ ಕಡೆಯಲು ಕೂತರೆ ಅರ್ಧ ಎಚ್ಚರ, ಅರ್ಧ ಕನಸು. ಲೇತಿನ ಮೇಲೆ ಆಲೆಮರದ ತುಂಡು ಗಿರಗಿರನೆ ತಿರುಗುವಾಗ ಅರಗಿನ ಕಡ್ಡಿ ಒತ್ತುತ್ತಾಳೆ. ತಿರುಗುವ ಬಿಸಿಗೇ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ. ಮೇಲೆ ತಾಳೆಗರಿ ಹಿಡಿದರೆ ಸಾಕು, ಹೊಳಪು. ಬರಿಮರ ಕಂಡರೆ ಬಟ್ಟೆಯಿಲ್ಲದ ಮಗುವನ್ನು ಕಂಡಂತಾಗಿ, ಏನಾದರೂ ಹೊದಿಸೋಣ ಅನ್ನುವ ಜೀವ ಅವಳದು. ಲಟ್ಟಣಿಗೆ, ಬಾಗಿಲ ಹಿಡಿ, ಅತ್ತೆಯ ಊರುಗೋಲು, ಯಾವುದನ್ನೂ ಬಿಟ್ಟವಳಲ್ಲ.

ಇನ್ನು ಗಂಡನ ಗಿಟಾರು ತಪ್ಪಿಸಿಕೊಂಡೀತೆ? ಶರೀಫ್ ಕನಕಪುರದ ಅಂಕಯ್ಯನ ಆರ್ಕೆಸ್ಟ್ರಾದಲ್ಲಿ, ಹಾಡಿನ ಅಡಿಯಲ್ಲಿ ತಗ್ಗುದನಿ ಕೊಡುವ ಬೇಸ್ ಗಿಟಾರು ನುಡಿಸುತ್ತಿದ್ದ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಿಂದ ತಂದದ್ದು. ಎಡಗೈ ಹಿಡಿಯುವ ಉದ್ದನೆಯ ಕತ್ತು ಹಿಂಬದಿಯಲ್ಲಿ ಸವೆದು ಬೋಳಾಗಿತ್ತು. ಮದುವೆಯಾದ ಹೊಸದು. ಅವನಿಲ್ಲದ ದಿನ ರೋಶನ್ ಬೀ ಕೆಂಡದಲ್ಲಿ ಅರಗು ಕಾಯಿಸಿ, ಆ ಹಿಂಬದಿಗೆ ದಾಳಿಂಬೆ ಕೆಂಪನ್ನು ತುಂಬಿಸಿಟ್ಟಳು. ಬಂದವನು ಕತ್ತಿನ ಮೇಲೆ ಒಮ್ಮೆ ಕೈಯಾಡಿಸಿ ನೋಡಿ, ಆಮೇಲೆ ಬಾಯ್ತುಂಬ ಹೊಗಳಿದ. ಹತ್ತು ಹನ್ನೆರಡು ವರ್ಷ ಹಾಗೇ ಉರುಳಿದವು.

ಕೀಬೋರ್ಡು ನಮ್ಮ ಕಡೆ ಆಗಷ್ಟೇ ಕಾಲಿಟ್ಟಿದ್ದ ಕಾಲ. ರಾಮನಗರದ ಒಂದು ಮದುವೆಯಲ್ಲಿ, ಹೊಸ ಬಗೆಯ ವೇಗದ ಹಾಡು ಬಂದಾಗ ಶರೀಫನ ಕೈ ತಡವರಿಸಿ ತಾಳ ಹಿಂದೆ ಬಿತ್ತು. ಅಂಕಯ್ಯ ಎಲ್ಲರೆದುರೇ ಹೇಳಿಬಿಟ್ಟ. "ಸಾತನೂರ್ ಪ್ರೋಗ್ರಾಮಲ್ಲೂ ಹಿಂಗೇ ಆದ್ರೆ ಬೇಸ್ನೂ ಕೀಬೋರ್ಡಲ್ಲೇ ಬಾರಿಸ್ಕೊಂಬುಡ್ತೀವಿ ಕಣ್ಲಾ ಶರೀಫ."

ಶರೀಫ್ ಮನೆಗೆ ಬಂದು ಸೂರು ನೋಡುತ್ತಾ ಮಲಗಿದ. ಆ ಗಿಟಾರು ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ ಎಂಬುದು ರೋಶನ್ ಬೀಗೆ ಗೊತ್ತಿತ್ತು. ಬೆರಳಿಗೆ ವಯಸ್ಸಾಯಿತೇನೋ ಎಂದುಕೊಂಡಳು. ಸಂಜೆ ಕಿಟಕಿಯ ಬಿಸಿಲಲ್ಲಿ ಒರಗಿದ್ದ ಗಿಟಾರನ್ನು ಸರಿಸೋಣವೆಂದು ಕತ್ತು ಹಿಡಿದಳು. ಅಂಗೈ ಅಂಟಿತು. ಜಾರಿಸಿದಳು, ಜಾರಲಿಲ್ಲ. ಬಿಸಿ ತಾಗಿದರೆ ಅರಗು ಮೆತ್ತಗಾಗುತ್ತದೆ. ಅವಳು ಅನ್ನ ತಿನ್ನುವುದೇ ಆ ಗುಣದಿಂದ. ವೇದಿಕೆಯ ದೀಪದ ಕಾವಿನಲ್ಲಿ, ಬೆವರುವ ಕೈಯಲ್ಲಿ ಅದು ಏನಾಗುತ್ತದೆಂದು ಇಷ್ಟು ವರ್ಷ ಅವಳ ತಲೆಗೆ ಹೊಳೆದಿರಲಿಲ್ಲ. ಇದನ್ನು ಹೇಳದೆ ಸಹಿಸಿಕೊಂಡ ಗಂಡನ ಮೇಲೆ ಕೆಟ್ಟ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು.

ಅರಗು ತೆಗೆಯಲು ಕೂತಾಗ ಅವನು ಬೇಡವೆಂದ, ಇರಲಿ ಬಿಡು ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿದಳು, ಗಾಜಿನ ಚೂರಿನ ಅಂಚಿನಿಂದ ಮೆಲ್ಲಗೆ ಹೆರೆದಳು, ಕೊನೆಗೆ ನುಣುಪಾದ ಉಪ್ಪುಕಾಗದದಿಂದ ಉಜ್ಜಿದಳು. ಕೆಂಪೆಲ್ಲ ಬಟ್ಟೆಗೆ ಬಂತು. ಕೆಳಗೆ ಹಾಲಿನ ಕೆನೆಯ ಬಣ್ಣದ, ಎಲ್ಲಿಯದೋ ಕಾಡಿನ ಮರ. ಕೈ ತನ್ನಷ್ಟಕ್ಕೆ ತಾಳೆಗರಿಯತ್ತ ಹೋಯಿತು. ಹಿಡಿದು ಬಹಳ ಹೊತ್ತು ಕೂತಿದ್ದು, ಮತ್ತೆ ಕೆಳಗಿಟ್ಟಳು. ಜೀವನದಲ್ಲಿ ಮೊದಲ ಸಲ ಒಂದು ಮರವನ್ನು ಹಾಗೇ ಬಿಡುತ್ತಿದ್ದಳು. 

ಸಾತನೂರಿಗೆ ಅವಳೂ ಬಸ್ಸಿನಲ್ಲಿ ಹೋದಳು. ಅದೇ ವೇಗದ ಹಾಡು. ಹೆಂಗಸರ ನಡುವೆ ಕೂತು ಅವಳು ಗಂಡನ ಎಡಗೈ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅದು ಅಳಿಲಿನ ಹಾಗೆ ಮೇಲೆ ಕೆಳಗೆ ಓಡಾಡಿತು, ಎಲ್ಲೂ ನಿಲ್ಲಲಿಲ್ಲ. ಹಾಡು ಮುಗಿದಾಗ ಅಂಕಯ್ಯ ಕೀಬೋರ್ಡಿನ ಮಾತೆತ್ತದೆ, ಮುಂದಿನ ವಾರ ಮಾಗಡಿಗೆ ಬೇಗ ಬಾ ಎಂದಷ್ಟೇ ಶರೀಫನಿಗೆ ಹೇಳಿದ.

ಮಾರನೆಯ ಬೆಳಿಗ್ಗೆ ಚಹಾ ಕುಡಿಯುತ್ತಾ ಅವಳು ಕೇಳಿದಳು. "ಇಷ್ಟು ವರ್ಷ ಯಾಕೆ ಹೇಳ್ನಿಲ್ಲ?"

"ನೀನು ಅಷ್ಟು ಆಸೆಯಿಂದ ಹಚ್ಚಿದ್ದೆ. ಮೊದಲ ದಿನ ಬಾಯಿ ಬರ್ನಿಲ್ಲ. ಆಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

ರೋಶನ್ ಬೀ ಲೋಟ ಕೆಳಗಿಟ್ಟು, ತಲೆಯೆತ್ತದೆ ಹೇಳಿದಳು. "ನಂದೂ ಒಂದೈತೆ ರೀ. ನೀವು ನುಡಿಸಿದ್ದು ನಂಗೆ ಯಾವತ್ತೂ ಕೇಳಿಸೇ ಇಲ್ಲ. ಆ ಡ್ರಮ್ಮು, ಆ ಗಲಾಟೆ, ಅದ್ರಾಗೆ ನಿಮ್ದು ಯಾವ್ದು ಅಂತಾನೇ ಗೊತ್ತಾಗ್ತಿರ್ನಿಲ್ಲ. ಚೆಂದಾಗಿತ್ತು ಅಂತ ಸುಮ್ಕೆ ಅಂತಿದ್ದೆ."

ಬೇರೆ ಕಲಾವಿದನಾಗಿದ್ದರೆ ಒಂದು ವಾರ ಮುಖ ಊದಿಸಿಕೊಳ್ಳುತ್ತಿದ್ದ. ಶರೀಫ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕು ಮುಗಿಸಿ ಗಿಟಾರು ತೊಡೆಯ ಮೇಲೆ ಎಳೆದುಕೊಂಡ. ಮನೆಯಲ್ಲಿ ಸೌಂಡ್ ಪೆಟ್ಟಿಗೆ ಇಲ್ಲ. ತಂತಿ ಮೀಟಿದರೆ ಟುಕ್ ಟುಕ್ ಅನ್ನುವುದು ಬಿಟ್ಟು ಇನ್ನೇನೂ ಹೊರಡುವುದಿಲ್ಲ. ಅವನು ಹೆಂಡತಿಯ ಅಂಗೈ ತೆಗೆದು ಕತ್ತಿನ ಹಿಂದೆ, ತನ್ನ ಹೆಬ್ಬೆರಳಿನ ಪಕ್ಕದಲ್ಲೇ ಇಟ್ಟು, ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೀಟಿದ.

ಬರಿಮರ ಮಿಡಿಯಿತು. ಮಿಡಿತ ಅವಳ ಅಂಗೈ ಹೊಕ್ಕು, ಮೊಣಕೈ ದಾಟಿ, ನಿಧಾನವಾಗಿ ಎದೆಯವರೆಗೂ ಬಂತು.

"ಇದಾ?"

"ಹೂಂ, ಇದೇ."

ಅವಳು ಕೈ ತೆಗೆಯದೆ ಕಣ್ಣು ಮುಚ್ಚಿಕೊಂಡು, ಇನ್ನೊಂದು ಸಲ ನುಡಿಸಿ ಅಂದಳು.